ಏಳದ ಅಲೆ

ಹಿಂದೆ ನಮ್ಮ ರಾಜ್ಯದಲ್ಲಿ ರಾಜಕಾರಣಿಗಳು ಪಕ್ಷ ಬಿಟ್ಟು ಓಡಿಹೋಗದಂತೆ ಅವರನ್ನು ರೆಸಾರ್ಟುಗಳಲ್ಲಿ ಕೂಡಿಹಾಕುತ್ತಿದ್ದರಂತೆ. ಫೋನು ಕಸಿದುಕೊಂಡು, ಬಾಗಿಲಿಗೆ ಪೈಲ್ವಾನರನ್ನು ನಿಲ್ಲಿಸಿ, ಹೊಟ್ಟೆ ತುಂಬ ಬಿರಿಯಾನಿ ಹಾಕಿ, ಮತ ಹಾಕುವ ದಿನ ಬಸ್ಸಿನಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. ಅಪ್ಪ ಈ ಕತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ ಈಗ ನಗು ಬರುವುದಿಲ್ಲ. ರೆಸಾರ್ಟಿಗೆ ಕಿಟಕಿಯಾದರೂ ಇತ್ತು. ನಮ್ಮ ಪಕ್ಷದವರು ಬೀಗವನ್ನು ಒಯ್ದು ಮನುಷ್ಯರ ಕಿವಿಯ ಹಿಂದೆ, ಮೂಳೆಯೊಳಗೆ ಇಟ್ಟರು.

ನಾನು ಮಹಾದೇವಿ. ನರವಿಜ್ಞಾನ ಓದಿ, ಹುಬ್ಬಳ್ಳಿಯಲ್ಲಿ ಪಕ್ಷದ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದೆ. ಇಡೀ ದೇಶ ಒಬ್ಬ ರಾಷ್ಟ್ರನಾಯಕನನ್ನು ನೇರವಾಗಿ ಆರಿಸುವ ಪದ್ಧತಿ ಬಂದಮೇಲೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಮಹಾಧಿವೇಶನದಲ್ಲಿ ಆರಿಸತೊಡಗಿತು. ಆ ಅಧಿವೇಶನಕ್ಕೆ ರಾಜ್ಯ ರಾಜ್ಯದಿಂದ ಪ್ರತಿನಿಧಿಗಳು ಹೋಗಬೇಕು. ಅವರನ್ನು ಆರಿಸುವ ರೀತಿ ನೋಡಲು ಚಂದವೇ ಇತ್ತು. ತಾಲ್ಲೂಕಿನ ಸದಸ್ಯರೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಸೇರಬೇಕು. ಒಬ್ಬೊಬ್ಬ ನಾಯಕನ ಹೆಸರು ಹೇಳಿ ಒಬ್ಬೊಬ್ಬರು ನಿಲ್ಲಬೇಕು. ಜನ ತಮಗೆ ಬೇಕಾದವರ ಹಿಂದೆ ಸಾಲು ಹಚ್ಚಬೇಕು. ತೀರ ಸಣ್ಣ ಸಾಲನ್ನು ಒಡೆದುಬಿಡುತ್ತಾರೆ, ಅವರು ಬೇರೆ ಸಾಲಿಗೆ ಸೇರಬೇಕು. ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಕೊನೆಗೆ ಯಾವ ನಾಯಕನ ಹಿಂದೆ ಎಷ್ಟು ಪಾಲು ಜನವೋ ಅಷ್ಟು ಪಾಲು ಪ್ರತಿನಿಧಿಗಳು.

ನಮ್ಮ ಅಕ್ಕ ದಾನೇಶ್ವರಿ ನಿಂತದ್ದು ಹಾಗೆ. ಊರೆಲ್ಲ ಅವಳನ್ನು ದಾನಕ್ಕ ಎನ್ನುತ್ತದೆ. ಬಸ್ ಕಂಡಕ್ಟರ್. ಬೆಣ್ಣಿಕೊಪ್ಪಕ್ಕೆ ಹೋಗುವ ವಸ್ತಿ ಬಸ್ಸು ಅವಳದು. ವಸ್ತಿ ಬಸ್ಸೆಂದರೆ ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ತಂಗಿ, ಬೆಳಗಾಗುತ್ತಲೇ ಕಾಲೇಜಿನ ಹುಡುಗಿಯರನ್ನೂ ದವಾಖಾನೆಗೆ ಹೋಗುವವರನ್ನೂ ಹತ್ತಿಸಿಕೊಂಡು ಬರುವ ಬಸ್ಸು. ಬಿಲ್ಲೋರೆ ಎಂಬಾತ ಕೇಂದ್ರದಲ್ಲಿ ಸಾರಿಗೆ ಮಂತ್ರಿಯಾಗಿದ್ದಾಗ ಲಾಭವಿಲ್ಲವೆಂದು ವಸ್ತಿ ಬಸ್ಸುಗಳನ್ನೆಲ್ಲ ಒಂದಷ್ಟು ಕಾಲ ನಿಲ್ಲಿಸಿದ್ದ. ಆಗ ಬೆಣ್ಣಿಕೊಪ್ಪದ ಲಲಿತವ್ವ ಎಂಬ ಬಸುರಿ, ಬೇನೆ ತಿನ್ನುತ್ತ ರಸ್ತೆಯ ಮಗ್ಗುಲಲ್ಲಿ ಕೂತವಳು ಅಲ್ಲೇ ಹೋಗಿಬಿಟ್ಟಳು. ಮರುದಿನ ಪಟ್ಟಣದಿಂದ ಬಂದ ಮೊದಲ ಬಸ್ಸು ದಾನಕ್ಕನದು. ಹೆಣವನ್ನು ಮೊದಲು ಕಂಡವಳು ದಾನಕ್ಕ. ಬಿಲ್ಲೋರೆಯ ಹೆಸರು ಕೇಳಿದರೆ ಅವಳ ಮೈ ಉರಿಯುತ್ತಿತ್ತು.

ಈಗ ಅದೇ ಬಿಲ್ಲೋರೆ ನಮ್ಮ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ. ಅವನ ಎದುರು ನಮ್ಮ ಕಡೆಯ ಕಲ್ಲೂರ ಸಾಹೇಬರು. ಹಳ್ಳಿಹಳ್ಳಿಗೂ ವಸ್ತಿ ಬಸ್ಸು ಎಂದು ಮಾತು ಕೊಟ್ಟಿದ್ದರು. ದಾನಕ್ಕ ಅವರ ಹೆಸರಿನಲ್ಲಿ ಕಲ್ಯಾಣ ಮಂಟಪದ ಮೂಲೆಯಲ್ಲಿ ನಿಂತಾಗ ಹಿಂದೆ ನಾಲ್ಕಾರು ಕಂಡಕ್ಟರುಗಳು, ಒಂದಿಷ್ಟು ಹುಡುಗಿಯರು, ಅಷ್ಟೇ. ಸಾಲು ಒಡೆಯುವುದರಲ್ಲಿತ್ತು. ಅಕ್ಕ ಸುಮ್ಮನಿರುತ್ತಾಳೆಯೇ?

"ಬರ್ರಿ ಬರ್ರಿ, ಹಿಂದ ಜಾಗ ಐತಿ! ಏ ಯಜಮಾನ್ರ, ಬಾಗಲದಾಗ ಯಾಕ ನಿಂತೀರಿ, ಒಳಗ ಸರೀರಿ!" ಎಂದು ಬಸ್ಸಿನಲ್ಲಿ ಕೂಗುವಂತೆ ಕೂಗಿದಳು. ಊಟದ ಪಂಕ್ತಿಯಲ್ಲಿ ಹುಗ್ಗಿ ತಿನ್ನುತ್ತಿದ್ದವರೂ ನಗುತ್ತ ಎದ್ದು ಬಂದರು. ಲಲಿತವ್ವನ ತಾಯಿ ಕಾಳವ್ವ ಕೈ ತೊಳೆಯದೆ ಬಂದು ಅಕ್ಕನ ಬೆನ್ನ ಹಿಂದೆಯೇ ನಿಂತಳು. "ನಾ ಇದ್ದೇನವಾ. ನಿಂದರು," ಎಂದಳು. ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಅಕ್ಕ ತಾಲ್ಲೂಕು ಗೆದ್ದಳು, ಜಿಲ್ಲೆ ಗೆದ್ದಳು, ರಾಜ್ಯದ ಪ್ರತಿನಿಧಿಯಾದಳು.

ಇಷ್ಟರವರೆಗೆ ಎಲ್ಲವೂ ನೆಟ್ಟಗಿತ್ತು. ಆರಿಸಿ ಬಂದವರು ಅಧಿವೇಶನದಲ್ಲಿ ಯಾರಿಗೋ ಮಾರಿಕೊಂಡರೆ? ಆ ಭಯಕ್ಕೆ ಹುಟ್ಟಿದ್ದು ಮಣಿ.

ಅಕ್ಕಿಕಾಳಿನಷ್ಟು ವಸ್ತು. ನಾವು ಯಾವುದಕ್ಕಾದರೂ ಹೂಂ ಎನ್ನುವ ಮೊದಲು ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಬಾಯಿಗಿಂತ ಮೊದಲು ಮನಸ್ಸು ಹೂಂ ಎನ್ನುತ್ತದೆ ಅನ್ನಿ. ಪ್ರತಿನಿಧಿ ತನ್ನ ನಾಯಕನ ಕೈ ಹಿಡಿದು "ನಿಮ್ಮ ಹಿಂದೆ ನಿಲ್ಲುತ್ತೇನೆ" ಎನ್ನುವಾಗ ಏಳುವ ಅಲೆಯನ್ನು ಮಣಿ ಕಲಿತುಕೊಳ್ಳುತ್ತದೆ. ಆಮೇಲೆ ಬೇರೆ ಅಭ್ಯರ್ಥಿಗೆ ಹೂಂ ಎನ್ನುವ ಅಲೆ ಎದ್ದರೆ ಅದನ್ನು ಹುಟ್ಟುವಾಗಲೇ ಕತ್ತರಿಸುತ್ತದೆ. ಬಾಯಿಂದ ಬರುವುದು "ಒಲ್ಲೆ" ಮಾತ್ರ. ಒಳಗೆ ಹೋದ ಮಣಿಯ ಸುತ್ತ ನರಗಳು ಬೆಳೆದುಕೊಳ್ಳುತ್ತವೆ. ಕಿತ್ತರೆ ಮಾತೇ ಹೋಗುತ್ತದೆ. ಬಿಡುಗಡೆ ಮಾಡಬಲ್ಲವನು ಆ ನಾಯಕ ಒಬ್ಬನೇ, ಅದೂ ಅವನ ಧ್ವನಿ ಮತ್ತು ಎದೆಬಡಿತ ಎರಡೂ ಒಟ್ಟಿಗೆ ಬಂದರೆ. ಧ್ವನಿ ನಕಲು ಮಾಡುವವರು ಓಣಿಗೊಬ್ಬರಿದ್ದ ಕಾಲ, ಬರೀ ಧ್ವನಿಯನ್ನು ಯಾರು ನಂಬುತ್ತಾರೆ?

ದಿನಾ ಬೆಳಗ್ಗೆ ಕಲ್ಲೂರರ ಧ್ವನಿ ಎಲ್ಲ ಮಣಿಗಳಿಗೂ ಹೋಗಬೇಕಿತ್ತು. ಹೋಗದಿದ್ದರೆ ಏನಾಗಬೇಕು ಎಂಬ ಮಾತು ಬಂದಾಗ ಜಿಲ್ಲಾಧ್ಯಕ್ಷ ಹೂಗಾರ ಸಾಹೇಬರು ಮೇಜು ಗುದ್ದಿದರು.

"ಬಿಲ್ಲೋರೆ ಮಂದಿ ನಡುವ ಅಡ್ಡಗಾಲು ಹಾಕಿ ಧ್ವನಿ ನಿಲ್ಲಿಸ್ತಾರ. ಆವಾಗ ಮಣಿ ಸಡ್ಲ ಆದ್ರ ನಮ್ಮ ಗತಿ ಏನು? ಧ್ವನಿ ನಿಂತ್ರ ಬಿಗಿ ಆಗಬೇಕು. ಯಾರಿಗೂ ಹೂಂ ಅನ್ನಬಾರ್ದು."

"ಸರ್, ಅಡ್ಡಗಾಲು ಹಾಕಿದ್ರ ಆತು. ಆದ್ರ ಧ್ವನಿ ಕೊಡಾಕ ಸಾಹೇಬ್ರಽ ಇರದಿದ್ರ? ಅವರಿಗೂ ವಯಸ್ಸಾಗೇತಿ. ಈಗಽ ಒಂದು ಬಿಡುಗಡೆ ಮಾತು ಬ್ಯಾರೆ ತೆಗೆದಿಟ್ರ..." ಎಂದೆ ನಾನು.

"ಬಿಡ್ತು ಅನ್ನು! ಏನವಾ ನಿನ್ನ ಬಾಯಿ? ಒಳ್ಳೆ ಕೆಲಸಕ್ಕ ಹೊಂಟಾಗ ಅಪಶಕುನ ನುಡೀತಿ."

ಕೋಣೆಯಲ್ಲಿದ್ದವರೆಲ್ಲ ಸಾಹೇಬರಿಗೆ ನಾನೇ ವಿಷ ಹಾಕಲು ಹೊರಟಂತೆ ನನ್ನನ್ನು ನೋಡಿದರು. ಇಬ್ಬರು ಪಿಎಚ್.ಡಿ. ಆದವರು ಗಲ್ಲ ಗಲ್ಲ ಬಡಿದುಕೊಂಡರು. ಸಾಯುವ ಮಾತು ಆಡಬಾರದೆಂದು ಸಾವಿಗೆ ಯಂತ್ರದಲ್ಲಿ ಜಾಗವನ್ನೇ ಇಡಲಿಲ್ಲ. ಇಂಥ ಬುದ್ಧಿವಂತರು ನಮ್ಮಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ ಹೇಳಿ.

ಅಕ್ಕನಿಗೆ ಮಣಿ ಇಟ್ಟವಳು ನಾನೇ. ಕಲ್ಲೂರರ ಕೈ ಹಿಡಿದು ನಗುನಗುತ್ತ ಮಾತು ಕೊಟ್ಟಳು. ಹೊರಗೆ ಬಂದು, "ಏನೂ ಗೊತ್ತಽ ಆಗಲಿಲ್ಲಲೇ ಮಾದಿ. ಇರಿವಿ ಕಡದಂಗ ಆತು," ಎಂದಳು.

ಅಧಿವೇಶನ ಇನ್ನೂ ದೂರವಿರುವಾಗಲೇ ಕಲ್ಲೂರ ಸಾಹೇಬರು ಪ್ರಚಾರಕ್ಕೆ ಹೊರಡಬೇಕೆಂದು ಸ್ನಾನ ಮಾಡಿ ಬಂದವರು ಅಂಗಿ ತೊಡುತ್ತಲೇ ಕುಸಿದುಬಿದ್ದು ತೀರಿಕೊಂಡರು. ಎದೆ ನಿಂತಿತು. ಬೆಳಗಿನ ಧ್ವನಿ ಹೋಗಲಿಲ್ಲ. ಮಣಿಗಳು ನಾವು ಹೇಳಿಕೊಟ್ಟಂತೆಯೇ ಬಿಗಿಯಾದವು, ಯಾರಿಗೂ ಯಾವುದಕ್ಕೂ ಹೂಂ ಎನ್ನಗೊಡದಂತೆ.

ನಿಯಂತ್ರಣ ಕೋಣೆಯ ಪರದೆಯ ಮೇಲೆ ಒಬ್ಬೊಬ್ಬ ಪ್ರತಿನಿಧಿಗೆ ಒಂದೊಂದು ಗೆರೆ. ಅಲೆ ಏಳುವುದು, ಪಟ್ಟನೆ ಕತ್ತರಿಸಿ ಬೀಳುವುದು. ಮತ್ತೆ ಏಳುವುದು, ಮತ್ತೆ ಬೀಳುವುದು. ಎಲ್ಲರ ಗೆರೆಯೂ ಹಾಗೇ. ಅಷ್ಟರಲ್ಲಿ ಅಕ್ಕನ ಬಸ್ಸಿನ ಡ್ರೈವರ್ ಫೋನ್ ಮಾಡಿದ.

"ಅಕ್ಕಾರ, ದಾನಕ್ಕ ರೈಟ್ ಅನ್ನವಲ್ಲಳು. ಬಸ್ ತುಂಬೇತಿ, ಮಂದಿ ಒದರಾಕತ್ತಾರ. ನಾ ಹೋಗೂಣೇನು ಅಂತ ಕೇಳಿದ್ರ ಒಲ್ಲೆ ಅಂತಾಳ. ಅಳಾಕತ್ತಾಳ್ರೀ."

ನಾನು ಓಡಿದೆ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಜೀವಮಾನವೆಲ್ಲ ರೈಟ್ ರೈಟ್ ಎಂದ ಬಾಯಿ ಅದು.

"ಮಾದಿ, ಅನ್ನಬೇಕು ಅಂತೇನಿ, ಬರವಲ್ತು," ಎಂದಳು.

ಮನೆಗೆ ಕರೆತಂದೆ. ಮನೆಯಲ್ಲಿ ಅವಳ ಗಂಡ ಫಕೀರಪ್ಪ, ಗ್ಯಾರೇಜು ನಡೆಸುತ್ತಾನೆ. ನಾನು ಅವನನ್ನು ಮಾಮಾ ಎನ್ನುತ್ತೇನೆ. ಮಗಳು ಪೂರ್ವಿ ಕಾಲೇಜು ಓದುತ್ತಾಳೆ. ಅವರಿಗೆ ನಾನು ಹೇಳಿಕೊಟ್ಟದ್ದು ಒಂದೇ: ಅಕ್ಕನನ್ನು ಏನೂ ಕೇಳಬೇಡಿ. ಚಹಾ ಕುಡಿಯುತ್ತೀಯಾ ಎಂದರೆ ಒಲ್ಲೆ ಅನ್ನುತ್ತಾಳೆ, ಬಾಯಾರಿದ್ದರೂ. ಕೇಳದೆ ಕಪ್ಪು ಮುಂದಿಟ್ಟರೆ ತನ್ನಷ್ಟಕ್ಕೆ ಕುಡಿಯುತ್ತಾಳೆ. ಊಟಕ್ಕೆ ಬಾ ಎನ್ನಬೇಡಿ, ತಾಟು ಇಟ್ಟು ಆಚೆ ಹೋಗಿ. ಮಲಗುತ್ತೀಯಾ ಎನ್ನಬೇಡಿ, ದೀಪ ಆರಿಸಿ.

ಎಂಥಾ ಕಷ್ಟ ಗೊತ್ತೇ ಅದು! ನಮ್ಮ ಮನೆಗಳಲ್ಲಿ ಪ್ರೀತಿ ಮಾಡುವುದೆಂದರೆ ಕೇಳುವುದೇ ತಾನೆ. ಇನ್ನೊಂದು ರೊಟ್ಟಿ ಹಾಕಲೇನು, ತಲೆ ಒತ್ತಲೇನು, ಹೊದಿಕೆ ಬೇಕೇನು. ಫಕೀರಪ್ಪ ಮಾಮ ಅಭ್ಯಾಸಬಲದಿಂದ "ಇನ್ನಷ್ಟು ಪಲ್ಯ..." ಎಂದು ಬಾಯಿ ಕಚ್ಚಿಕೊಳ್ಳುತ್ತಿದ್ದ. ಅಷ್ಟಕ್ಕೇ ಅಕ್ಕ ಒಲ್ಲೆ ಎಂದು ತಾಟು ಸರಿಸಿಬಿಡುತ್ತಿದ್ದಳು. ಆಮೇಲೆ ತಾಟನ್ನೇ ನೋಡುತ್ತ ಕೂರುತ್ತಿದ್ದಳು, ಹಸಿವು ಕಣ್ಣಲ್ಲಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಪೂರ್ವಿ ಕಾಲೇಜಿನ ಸಮಾರಂಭಕ್ಕೆ ಅವ್ವನ ಇಲಕಲ್ ಸೀರೆ ಉಟ್ಟುಕೊಂಡು ಒಳಗಿಂದ ಬಂದಳು. ಖುಷಿಯಲ್ಲಿ ಮರೆತುಬಿಟ್ಟಳು. "ಅವ್ವಾ, ಚಂದ ಕಾಣ್ತೇನೇನು?"

"ಇಲ್ಲ."

ಹುಡುಗಿಗೆ ಗೊತ್ತು, ಅದು ಮಣಿಯ ಮಾತೆಂದು. ಆದರೂ ಕಣ್ಣು ತುಂಬಿದವು. ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿಟ್ಟಳು. ಅಕ್ಕ ಅವಳ ಹಿಂದೆ ಹೋಗಿ, ತುಟಿ ಬಿಗಿಹಿಡಿದು, ಮಗಳ ತಲೆ ಸವರುತ್ತ ಬಹಳ ಹೊತ್ತು ನಿಂತಳು. ಸಮಾರಂಭಕ್ಕೆ ಪೂರ್ವಿ ಹೋಗಲಿಲ್ಲ.

ದಿನ ಕಳೆದಂತೆ ಇನ್ನೂ ಕೆಟ್ಟಿತು. ಯಾರೂ ಕೇಳದಿದ್ದರೇನು, ಮನುಷ್ಯ ತನ್ನನ್ನು ತಾನೇ ಕೇಳಿಕೊಳ್ಳುತ್ತಾನಲ್ಲ. ತುತ್ತು ಎತ್ತಲೇ ಎಂದು ಒಳಗೇ ಒಂದು ಮಾತು ಏಳುತ್ತದೆ. ಮಣಿ ಅದನ್ನೂ ಕತ್ತರಿಸತೊಡಗಿತು. ಅಕ್ಕನ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ರವಿಕೆ ಸಡಿಲಾದವು, ಬಳೆ ಜಾರಿದವು. ದವಾಖಾನೆಗೆ ಒಯ್ದರೆ ಸಲೈನ್ ಹಚ್ಚಲು ಒಪ್ಪಿಗೆ ಕೇಳುತ್ತಾರೆ. ಒಲ್ಲೆ ಎನ್ನುತ್ತಾಳೆ. ಎಚ್ಚರವಿದ್ದವಳು ಒಲ್ಲೆ ಎಂದಮೇಲೆ ಅಲ್ಲಿ ಮನೆಯವರ ರುಜು ನಡೆಯುವುದಿಲ್ಲ; ಮತ್ತೆ ಮನೆಗೆ.

ಕಲ್ಲೂರರ ಕಡೆಯ ಪ್ರತಿನಿಧಿಗಳೆಲ್ಲರ ಮನೆಯಲ್ಲೂ ಇದೇ ಗೋಳು. ಆಗ ಮೇಲಿನವರು ದಾರಿ ಹುಡುಕಿದರು: ವರ್ಗಾವಣೆ. ಸತ್ತವನ ಧ್ವನಿಯ ಜಾಗದಲ್ಲಿ ಬದುಕಿರುವ ಇನ್ನೊಬ್ಬ ಅಭ್ಯರ್ಥಿಯ ಧ್ವನಿಯನ್ನು ಕೂರಿಸಿದರೆ ಮಣಿ ಮತ್ತೆ ಸಡಿಲಾಗುತ್ತದೆ. ಆತನನ್ನು ಬಿಟ್ಟು ಬೇರೆಯವರಿಗೆ ಮತ ಹಾಕಲಾಗದು, ಉಳಿದ ಬದುಕೆಲ್ಲ ಮೊದಲಿನಂತೆ. ಕಣದಲ್ಲಿ ಉಳಿದವರು ಇಬ್ಬರು. ಒಬ್ಬಳು ಒಡಿಶಾದ ನಿವೃತ್ತ ಶಿಕ್ಷಕಿ. ಕಟ್ಟಿಹಾಕಿದವರ ಮತ ನನಗೆ ಬೇಡ ಎಂದು ಆಕೆ ಮೊದಲೇ ಮಣಿ ಪದ್ಧತಿಯನ್ನು ಧಿಕ್ಕರಿಸಿದ್ದಳು. ಹಾಗಾಗಿ ಆಕೆಯ ಧ್ವನಿ ಯಂತ್ರದಲ್ಲಿ ಇರಲೇ ಇಲ್ಲ. ಉಳಿದದ್ದು ಬಿಲ್ಲೋರೆ.

ನಾನು ಸುಳ್ಳು ಹೇಳುವುದಿಲ್ಲ. ಆಗಲಿ ಎಂದೇ ಅನಿಸಿತ್ತು ನನಗೂ. ಅಕ್ಕ ಉಳಿದರೆ ಸಾಕು, ಯಾರಿಗೆ ಬೇಕಾದರೂ ಕೈ ಎತ್ತಲಿ. ಫಕೀರಪ್ಪ ಮಾಮನೂ ಅದನ್ನೇ ಅಂದ. "ಮಾದೇವಿ, ನನಗ ಆಕಿ ಹೂಂ ಅನ್ನೂದು ಬೇಕು. ಯಾರ ಹೆಸರ್ಲೆ ಆದ್ರೂ ಆಗ್ಲಿ."

ಪಕ್ಷದ ನಿಯಮದಂತೆ ಪ್ರತಿನಿಧಿಯ ಒಪ್ಪಿಗೆ ಬೇಕು. ಒಪ್ಪಿಗೆ ಹೇಳಲಾಗದ ಸ್ಥಿತಿಯಿದ್ದರೆ ಮನೆಯವರ ರುಜು ಸಾಕು. ಬೆಳಗ್ಗೆ ನಿಯಂತ್ರಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿದೆವು. ಹೂಗಾರ ಸಾಹೇಬರು ಕೇಳುವವರು, ನಾನು ಪರದೆ ನೋಡುವವಳು.

ಮೊದಲು ಗದಗಿನ ಕಡೆಯ ಶರಣಪ್ಪ, ಗುತ್ತಿಗೆದಾರ. ಬಿಲ್ಲೋರೆಯ ಕಡೆ ಹೋಗಲು ತುದಿಗಾಲಲ್ಲಿ ನಿಂತಿದ್ದವನು.

"ಬಿಲ್ಲೋರೆ ಸಾಹೇಬ್ರ ಹಿಂದ ನಿಲ್ಲತೀರೇನ್ರೀ?"

ಶರಣಪ್ಪನ ಗೆರೆಯ ಮೇಲೆ ಅಲೆ ಎತ್ತರಕ್ಕೆ ಎದ್ದಿತು, ಪಟ್ಟನೆ ಕತ್ತರಿಸಿ ಬಿತ್ತು. "ಒಲ್ಲೆ!" ಎಂದ. ಎರಡೂ ಕೈ ಜೋಡಿಸಿ, ತಲೆಯಾಡಿಸಿ, ಮತ್ತೆ "ಒಲ್ಲೆ, ಒಲ್ಲೆ!" ಎಂದ. ಎಲ್ಲರೂ ನಕ್ಕರು. ಅವನ ಹೆಂಡತಿ ರುಜು ಹಾಕಿದಳು.

ಆಮೇಲೆ ಅಕ್ಕ. ಕುರ್ಚಿಯಲ್ಲಿ ಎಷ್ಟು ಸಣ್ಣಗೆ ಕಂಡಳು! ಹೂಗಾರರು ಅದೇ ಪ್ರಶ್ನೆ ಕೇಳಿದರು.

"ಒಲ್ಲೆ," ಎಂದಳು ಅಕ್ಕ.

ನಾನು ಪರದೆ ನೋಡುತ್ತಿದ್ದೆ. ಅಲೆ ಏಳಲಿಲ್ಲ. ಗೆರೆ ಒರಸಿದ ನೆಲದಂತೆ ಸಪಾಟಾಗಿತ್ತು. ಕತ್ತರಿಸಲು ಮಣಿಗೆ ಏನೂ ಸಿಕ್ಕಿರಲಿಲ್ಲ.

"ತಡೀರಿ ಸರ್," ಎಂದೆ. ಅಕ್ಕನ ಕಡೆ ತಿರುಗಿ ಕೇಳಿದೆ, "ಅಕ್ಕಾ, ಚಾ ಕುಡೀತಿಯೇನು?"

ಅಲೆ ಎದ್ದಿತು, ಕತ್ತರಿಸಿಹೋಯಿತು. "ಒಲ್ಲೆ."

"ಪೂರ್ವಿನ್ನ ನೋಡಬೇಕೇನು?"

ಅಲೆ ಪರದೆಯ ತುದಿಯವರೆಗೂ ಎದ್ದಿತು, ಕತ್ತರಿಸಿಹೋಯಿತು. "ಒಲ್ಲೆ."

"ಬಿಲ್ಲೋರೆ ಹಿಂದ ನಿಲ್ಲತೀಯೇನು?"

ಸಪಾಟು ಗೆರೆ. "ಒಲ್ಲೆ." ಈ ಸಲ ಅಕ್ಕ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಸರ್, ನೋಡ್ರಿ! ಅವೆಲ್ಲ ಮಣಿ ಅಂದ ಒಲ್ಲೆ. ಇದು ಆಕಿ ಒಲ್ಲೆ. ಸ್ವಂತ ಆಕೀದು!"

ಹೂಗಾರರು ಪರದೆ ನೋಡಿದರು. ಅರ್ಥವಾಗಲಿಲ್ಲವೆಂದು ನಾನು ಹೇಳಲಾರೆ, ಚೆನ್ನಾಗಿಯೇ ಅರ್ಥವಾಗಿತ್ತು. ಕೈ ಚಾಚಿ ಪರದೆ ಆರಿಸಿದರು.

"ಮಾದೇವಿ, ಎಲ್ಲಾರೂ ಒಲ್ಲೆ ಅಂತಾರ. ಈಕಿನೂ ಒಲ್ಲೆ ಅಂದ್ಲು. ಮಣಿ ಕಾಟ. ಮನಿಯವ್ರು ಏನಂತಾರ ಕೇಳೂಣು."

"ಮಾಮಾ," ಎಂದೆ ನಾನು. "ನೀವೂ ನೋಡಿದ್ರಿಲ್ಲೋ?"

ಫಕೀರಪ್ಪ ಮಾಮ ಬಾಗಿಲ ಬಳಿ ನಿಂತಿದ್ದ. ಗ್ಯಾರೇಜಿನ ಎಣ್ಣೆ ಇನ್ನೂ ಉಗುರಿನಲ್ಲಿತ್ತು. "ನೋಡಿದ್ನಿ," ಎಂದ.

"ಮತ್ತ?"

"ಆಕಿ ಸಾಯಾಕತ್ತಾಳ ಮಾದೇವಿ." ಅಳುತ್ತಲೇ ಮೇಜಿನ ಕಡೆ ಬಂದು ರುಜು ಹಾಕಿದ. ಅಕ್ಕ ಅವನ ಕೈಯನ್ನೇ ನೋಡುತ್ತಿದ್ದಳು. ಒಲ್ಲೆ, ಒಲ್ಲೆ, ಒಲ್ಲೆ ಎನ್ನುತ್ತಿದ್ದಳು. ಆ ಮಾತು ಕೋಣೆಯಲ್ಲಿ ಯಾರಿಗೂ ಲೆಕ್ಕಕ್ಕೇ ಬರಲಿಲ್ಲ.

ನಾನು ಬಾಯಿಗೆ ಬಂದಂತೆ ಬೈದೆ. ಹೂಗಾರರನ್ನೂ ಬೈದೆ, ಆ ಇಬ್ಬರು ಪಿಎಚ್.ಡಿ.ಗಳನ್ನೂ ಬೈದೆ. ವರ್ಗಾವಣೆಗೆ ನಾನು ಕೈ ಹಚ್ಚುವುದಿಲ್ಲ ಎಂದೆ. ಕೈ ಹಚ್ಚುವವರು ಬೇರೆ ಇದ್ದರು. ನನ್ನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು. ನೌಕರಿಯೂ ಅಲ್ಲಿಗೆ ಮುಗಿಯಿತು, ಅದರ ಚಿಂತೆ ಆಗ ಯಾರಿಗಿತ್ತು.

ಸಂಜೆ ಅಕ್ಕ ಮನೆಯಲ್ಲಿ ರೊಟ್ಟಿ ತಿಂದಳು. ಪೂರ್ವಿ ಹೆದರುತ್ತ ಹೆದರುತ್ತ "ಅವ್ವಾ, ಇನ್ನೊಂದು ಹಾಕಲೇನು?" ಎಂದಾಗ "ಹೂಂ, ಹಾಕವಾ" ಎಂದಳು. ಮಗಳೂ ಗಂಡನೂ ಅವಳನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಏನು ಮಾಡಲಿ, ಅಕ್ಕ ಬದುಕಿದ್ದಳು.

ಭೋಪಾಲದ ಅಧಿವೇಶನವನ್ನು ಟಿ.ವಿ.ಯಲ್ಲಿ ನೋಡಿದೆ. ನಮ್ಮ ರಾಜ್ಯದ ಹೆಸರು ಕೂಗಿದಾಗ ಪ್ರತಿನಿಧಿಗಳು ಎದ್ದು ಬಿಲ್ಲೋರೆಯ ಹಿಂದೆ ಸಾಲು ಹಚ್ಚಿದರು. ಮುಂದಿನ ಸಾಲಿನಲ್ಲಿ ದಾನಕ್ಕ. ಆ ಶಿಕ್ಷಕಿ ಸೋತಳು, ನಮ್ಮವರ ಸಾಲಿನಷ್ಟೇ ಅಂತರದಿಂದ. ಚುನಾವಣೆಯಲ್ಲಿ ಬಿಲ್ಲೋರೆ ಗೆದ್ದ. ದಿನಾ ಬೆಳಗ್ಗೆ ಅವನ ಧ್ವನಿ ಅಕ್ಕನ ಮಣಿಗೆ ಹೋಗುತ್ತಲೇ ಇತ್ತು; ಅವನ ಮೇಲಿನ ಸಿಟ್ಟು ಏಳುವಾಗಲೇ ಕತ್ತರಿಸಿಹೋಗಿ, ಅದರ ನೆನಪೂ ಮಾಸತೊಡಗಿತ್ತು. ಮಣಿ ಬಿಡುಗಡೆ ಮಾಡಿ ಎಂದು ನಾನು ಕೇಳಿದಾಗೆಲ್ಲ ಒಂದೇ ಉತ್ತರ ಬರುತ್ತಿತ್ತು: ಸಾಹೇಬರಿಗೆ ಪುರುಸೊತ್ತಿಲ್ಲ.

ಪುರುಸೊತ್ತು ಮಾಡಿಕೊಂಡು ಅವರು ವಸ್ತಿ ಬಸ್ಸುಗಳನ್ನು ಮಾತ್ರ ನಿಲ್ಲಿಸಿದರು, ಈ ಸಲ ಖಾಯಂ ಆಗಿ.

ಬೆಣ್ಣಿಕೊಪ್ಪದಿಂದ ಕೊನೆಯ ಬಸ್ಸು ಹೊರಡುವ ದಿನ ನಾನು ಅಕ್ಕನ ಜೊತೆಗಿದ್ದೆ. ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಬೆಳಗಿನ ಚಳಿಯಲ್ಲಿ ಹೆಂಗಸರೆಲ್ಲ ಬಸ್ಸಿನ ಸುತ್ತ ನಿಂತಿದ್ದರು. ಕಾಳವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು ಕೇಳಿದಳು.

"ದಾನವ್ವಾ, ಟಿ.ವಿ.ಯಾಗ ನೋಡಿದ್ನಿ. ಅವನ ಹಿಂದ ನಿಂತಾಕಿ ನೀನಽ ಏನು?"

"ಹೂಂ ಆಯೀ."

"ಯಾರರ ಹೆದರಿಸಿದ್ರೇನು?"

"ಇಲ್ಲ."

"ಮನಸ್ಸಿಂದ ನಿಂತೀ?"

"ಹೂಂ."

ನನಗೆ ತಡೆಯಲಾಗಲಿಲ್ಲ. "ಆಯೀ, ಆಕಿ ಒಲ್ಲೆ ಅಂದಿದ್ಲು! ಅಷ್ಟು ಮಂದಿ ಮುಂದ, ಸಾಯೂ ಹೊತ್ತಿನ್ಯಾಗೂ ಒಲ್ಲೆ ಅಂದ್ಲು. ನಾ ಕಣ್ಣಾರೆ ನೋಡೇನಿ."

ಕಾಳವ್ವ ಅಕ್ಕನ ಮುಖ ನೋಡಿದಳು. ಬೇಡುವವಳಂತೆ ಕೇಳಿದಳು. "ಹೌದೇನವಾ? ಒಲ್ಲೆ ಅಂದಿದ್ದೀಯೇನು?"

ಅಕ್ಕನ ತುಟಿ ಅಲುಗಿತು. ಅವಳಿಗೆ ಏನೋ ನೆನಪಾಗುತ್ತಿತ್ತು, ಹತ್ತಿರ ಬಂದು ಜಾರುತ್ತಿತ್ತು. ಹಣೆ ಗಂಟಿಕ್ಕಿದಳು. ಆಮೇಲೆ ಮುಖ ತಿಳಿಯಾಯಿತು.

"ಇಲ್ಲ ಆಯೀ. ನಾ ಯಾಕ ಒಲ್ಲೆ ಅನ್ನಲಿ? ಸಾಹೇಬ್ರು ಒಳ್ಳೇವ್ರು."

ಕಾಳವ್ವ ಕಂಬಿ ಬಿಟ್ಟಳು. ಕಾಲು ಕೆಳಗಿಟ್ಟಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಹೊದ್ದು ಊರೊಳಗೆ ನಡೆದುಬಿಟ್ಟಳು.

"ರೈಟ್," ಎಂದಳು ಅಕ್ಕ. ಬಸ್ಸು ಹೊರಟಿತು.

ಲಲಿತವ್ವ ಕೂತಿದ್ದ ಜಾಗ ದಾಟುವಾಗ ಅಕ್ಕ ಬಂದು ನನ್ನ ಪಕ್ಕ ಕುಳಿತಳು. ನಾನು ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು, ಸುಮ್ಮನೆ ಅವಳ ಕೈಯಲ್ಲಿಟ್ಟೆ. ಅಕ್ಕ ನನ್ನನ್ನು ನೋಡಿ ನಕ್ಕಳು.

"ಇನ್ನೂ ಕೇಳದನಽ ಕೊಡ್ತಿಯಲ್ಲಲೇ ಮಾದಿ. ಬೇಕೇನು ಅಂತ ಕೇಳು. ಈಗ ಹೂಂ ಅಂತೇನಿ."

ನಾನು ಕೇಳಲಿಲ್ಲ. ಆ ಹೂಂ ಯಾರದೆಂದು ತಿಳಿಯಲು ಈಗ ನನ್ನ ಮುಂದೆ ಪರದೆಯೂ ಇರಲಿಲ್ಲ.